ಪಶ್ಚಿಮ ಕೆನಡಾಕ್ಕೆ ಒಬ್ಬರೇ ಹೊರಟಿದ್ದೀರಾ? ವೀಸಾದಿಂದ ವಾಪಸ್ ಬರುವವರೆಗೆ

ನನ್ನ ಗೆಳತಿಯೊಬ್ಬಳು ವ್ಯಾಂಕೂವರ್ ಪಕ್ಕದ ಸರ್‍ರೆಯಲ್ಲಿದ್ದಾಳೆ. ಇನ್ನೊಬ್ಬಳು ಮದುವೆಯಾಗಿ ಕ್ಯಾಲ್ಗರಿ ಸೇರಿದ್ದಾಳೆ. ಇಬ್ಬರೂ "ಬಾರೇ, ಬಾರೇ" ಅಂತ ವರ್ಷಗಟ್ಟಲೆ ಕರೆದರು. ಕೊನೆಗೆ ಒಂದು ಸೆಪ್ಟೆಂಬರ್‌ನಲ್ಲಿ 18 ದಿನಕ್ಕೆ ಬೆಂಗಳೂರಿನಿಂದ ಒಬ್ಬಳೇ ಹೊರಟೆ.

ಹೊರಡುವಾಗ ನಾನು ಅಂದುಕೊಂಡಿದ್ದು ಒಂದು, ಅಲ್ಲಿ ಆಗಿದ್ದು ಇನ್ನೊಂದು. ಗೆಳತಿಯರು ಎಲ್ಲ ಕಡೆ ಕರೆದುಕೊಂಡು ಹೋಗುತ್ತಾರೆ ಅಂತ ನನ್ನ ಲೆಕ್ಕ. ಆದರೆ ಸೋಮವಾರದಿಂದ ಶುಕ್ರವಾರ ಅವರಿಗೆ ಆಫೀಸು, ಮಕ್ಕಳ ಸ್ಕೂಲು, ಸಂಜೆ ಈಜು ಕ್ಲಾಸು. ಇರುವ ನಾಲ್ಕು ದಿನ ರಜೆಯನ್ನು ಊರಿಗೆ ಬರಲಿಕ್ಕೆ ಅಂತ ಕೂಡಿಟ್ಟಿರುತ್ತಾರೆ. ಅದನ್ನು ನಮಗಾಗಿ ಖರ್ಚು ಮಾಡಿ ಅನ್ನಲು ಬಾಯಿ ಬರುತ್ತದೆಯೇ? ಹಾಗಾಗಿ ಈ ಪ್ರವಾಸದ ಪ್ಲಾನ್ ಶುರುವಾಗಬೇಕಾದದ್ದು ಗೆಳೆಯರ ವಾರದಿಂದ.

ಮೊದಲು ಕ್ಯಾಲೆಂಡರ್

ಒಂದು ಹಾಳೆ ತೆಗೆದುಕೊಂಡು ಎರಡು ಪಟ್ಟಿ ಮಾಡಿ. ಬಸ್ಸು, ರೈಲು, ಹಡಗು ಹೋಗುವ ಜಾಗಗಳು ಒಂದು ಕಡೆ. ಕಾರಿಲ್ಲದೆ ಆಗುವುದೇ ಇಲ್ಲ ಅನ್ನುವ ಜಾಗಗಳು ಇನ್ನೊಂದು ಕಡೆ. ಮೊದಲ ಪಟ್ಟಿ ವಾರದ ದಿನಗಳಲ್ಲಿ ನೀವೊಬ್ಬರೇ ನೋಡಲಿಕ್ಕೆ, ಎರಡನೆಯದು ಶನಿವಾರ, ಭಾನುವಾರ ಗೆಳೆಯರ ಜೊತೆಗೆ.

ಮಜಾ ಏನೆಂದರೆ, ಫೋಟೋಗಳಲ್ಲಿ ನಾವು ನೋಡುವ ಹೆಸರಾಂತ ಜಾಗಗಳೆಲ್ಲ ಹೆಚ್ಚುಕಡಿಮೆ ಮೊದಲ ಪಟ್ಟಿಯಲ್ಲೇ ಬರುತ್ತವೆ. ಕ್ಯಾಲ್ಗರಿ ಕಡೆಯ ರಾಕೀಸ್ ಪರ್ವತಗಳಲ್ಲಿರುವ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ಮೊರೇನ್ ಸರೋವರಕ್ಕೆ 2023ರಿಂದ ಸ್ವಂತ ಕಾರನ್ನೇ ಬಿಡುವುದಿಲ್ಲ. ಗೆಳೆಯರ ಕಾರಿದ್ದರೂ ಬಸ್ಸೇ ಗತಿ. ಅಂದಮೇಲೆ ಅದಕ್ಕೆ ಅವರ ಭಾನುವಾರ ಯಾಕೆ ಹಾಳು ಮಾಡಬೇಕು?

ಕಾಲದ ವಿಷಯಕ್ಕೆ ಬಂದರೆ, ನನ್ನ ಮಟ್ಟಿಗೆ ಸೆಪ್ಟೆಂಬರ್ ಬಿಟ್ಟು ಬೇರೆ ತಿಂಗಳಿಲ್ಲ. ಜುಲೈ, ಆಗಸ್ಟ್‌ನಲ್ಲಿ ಹಗಲು ಉದ್ದ, ಹವೆ ಚೆನ್ನ. ಆದರೆ ಜನ ಜಾಸ್ತಿ, ರೂಮಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಕಾಡ್ಗಿಚ್ಚಿನ ಹೊಗೆ ಕವಿದರೆ ಎದುರಿಗಿರುವ ಬೆಟ್ಟವೂ ಕಾಣುವುದಿಲ್ಲ. ಜೂನ್ ಶುರುವಿನಲ್ಲಿ ಎತ್ತರದ ಸರೋವರಗಳ ಮೇಲೆ ಇನ್ನೂ ಮಂಜುಗಡ್ಡೆ ಇರುತ್ತದೆ. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಕಳೆದು ಶಾಲೆ ಶುರುವಾದರೆ ವಾರದ ದಿನಗಳಲ್ಲಿ ಜನ ಕರಗುತ್ತಾರೆ. ತಿಂಗಳ ಕೊನೆಗೆ ಲಾರ್ಚ್ ಮರಗಳು ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ವ್ಯಾಂಕೂವರ್‌ನಲ್ಲಿ ಜಿಟಿಜಿಟಿ ಮಳೆ. ಮಲೆನಾಡಿನವರಿಗೆ ಅದು ಹೊಸದೇನಲ್ಲ, ಆದರೆ ಅದನ್ನು ನೋಡಲಿಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ.

ವೀಸಾ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ವಿಸಿಟರ್ ವೀಸಾ ಬೇಕು. ಅರ್ಜಿ ಆನ್‌ಲೈನ್‌ನಲ್ಲಿ. ಶುಲ್ಕ 100 ಕೆನಡಿಯನ್ ಡಾಲರ್, ಬೆರಳಚ್ಚು ಮತ್ತು ಫೋಟೋಗೆ ಇನ್ನೂ 85. ಬೆರಳಚ್ಚನ್ನು ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲೇ ಕೊಡಬಹುದು. ಒಮ್ಮೆ ಕೊಟ್ಟರೆ 10 ವರ್ಷ ನಡೆಯುತ್ತದೆ. ವೀಸಾ ಎಷ್ಟು ದಿನದಲ್ಲಿ ಬರುತ್ತದೆ ಅನ್ನುವುದು ಅವರವರ ಅದೃಷ್ಟ. ಹೊರಡುವುದಕ್ಕೆ ನಾಲ್ಕೈದು ತಿಂಗಳು ಮುಂಚೆಯೇ ಅರ್ಜಿ ಹಾಕಿ. ವೀಸಾ ಕೈಗೆ ಬರುವವರೆಗೆ ವಾಪಸ್ ಸಿಗದ ಟಿಕೆಟ್ ತೆಗೆದುಕೊಳ್ಳಬೇಡಿ.

ಅಧಿಕಾರಿ ನೋಡುವುದು ಮುಖ್ಯವಾಗಿ ಎರಡು ವಿಷಯ: ನಿಮ್ಮ ಹತ್ತಿರ ಖರ್ಚಿಗೆ ದುಡ್ಡಿದೆಯೇ, ನೀವು ವಾಪಸ್ ಹೋಗುತ್ತೀರಾ? ಒಬ್ಬರೇ ಹೋಗುವವರಿಗೆ ಎರಡನೆಯದೇ ಕಷ್ಟ. ಕಂಪನಿಯ ರಜೆ ಪತ್ರ, ಸಂಬಳದ ಚೀಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್, ಹಳೆಯ ವಿದೇಶ ಪ್ರವಾಸದ ವೀಸಾಗಳು, ಊರಲ್ಲಿರುವ ಮನೆ, ಅಪ್ಪ ಅಮ್ಮ, ಎಲ್ಲವೂ ಇಲ್ಲಿ ಸಾಕ್ಷಿ. ಅರ್ಜಿ ಹಾಕುವ ಹಿಂದಿನ ವಾರ ಯಾರಿಂದಲೋ ಐದು ಲಕ್ಷ ತಂದು ಖಾತೆಗೆ ಹಾಕಿದರೆ ಅನುಮಾನ ಜಾಸ್ತಿ ಆಗುತ್ತದೆ ಅಷ್ಟೇ.

ಗೆಳೆಯರಿಂದ ಒಂದು ಆಹ್ವಾನ ಪತ್ರ ತರಿಸಿಕೊಳ್ಳಿ. ಅದರಲ್ಲಿ ಅವರ ಹೆಸರು, ಹುಟ್ಟಿದ ದಿನ, ವಿಳಾಸ, ಕೆಲಸ, ಅವರು ಅಲ್ಲಿನ ಪ್ರಜೆಯೋ ಪಿಆರ್ (ಕಾಯಂ ವಾಸದ ಅನುಮತಿ) ಇರುವವರೋ ಅನ್ನುವುದು ಇರಬೇಕು. ನಿಮ್ಮ ಪರಿಚಯ ಹೇಗೆ, ಎಷ್ಟು ದಿನ ಇರುತ್ತೀರಿ, ಎಲ್ಲಿ ಇರುತ್ತೀರಿ, ಖರ್ಚು ಯಾರದು ಅನ್ನುವುದೂ ಬೇಕು. ಜೊತೆಗೆ ಅವರ ಪಿಆರ್ ಕಾರ್ಡ್ ಅಥವಾ ಪಾಸ್‌ಪೋರ್ಟಿನ ಪ್ರತಿ. ನನಗೆ ಎರಡು ಮನೆಯಿಂದ ಎರಡು ಪತ್ರ ಬಂದವು. ಕ್ಯಾಲ್ಗರಿಯವಳು ಮೊದಲು ಕಳಿಸಿದ ಪತ್ರದಲ್ಲಿ "ಇಷ್ಟ ಬಂದಷ್ಟು ದಿನ ಇರಬಹುದು" ಅಂತ ಪ್ರೀತಿಯಿಂದ ಬರೆದಿದ್ದಳು. ವೀಸಾ ಅಧಿಕಾರಿಗೆ ಇಂಥ ಪ್ರೀತಿ ಬೇಡ. ತಾರೀಕು ಹಾಕಿ ಮತ್ತೆ ಬರೆಸಿದೆ. ನೀವೂ ನಿಮ್ಮ ಕಡೆಯಿಂದ ಒಂದು ಪುಟದ ಪತ್ರ ಬರೆದು, ದಿನದ ಲೆಕ್ಕದಲ್ಲಿ ಎಲ್ಲಿರುತ್ತೀರಿ ಅಂತ ತಿಳಿಸಿ. ಪತ್ರಗಳ ತಾರೀಕು ಒಂದಕ್ಕೊಂದು ಹೊಂದಬೇಕು.

ಟಿಕೆಟ್, ವಿಮೆ, ಸೂಟ್‌ಕೇಸ್

ವ್ಯಾಂಕೂವರ್‌ನಲ್ಲಿ ಇಳಿದು ಕ್ಯಾಲ್ಗರಿಯಿಂದ ವಾಪಸ್ ಹತ್ತುವ ಹಾಗೆ ಟಿಕೆಟ್ ನೋಡಿ. ಬುಕಿಂಗ್ ಮಾಡುವಾಗ ಮಲ್ಟಿ ಸಿಟಿ ಅನ್ನುವ ಆಯ್ಕೆಯಲ್ಲಿ ಸಿಗುತ್ತದೆ. ಎರಡು ಊರಿನ ನಡುವೆ ರಸ್ತೆಯಲ್ಲಿ ಸುಮಾರು 970 ಕಿ.ಮೀ., ಅದೂ ಬೆಟ್ಟದ ದಾರಿ. ಬಸ್ಸಿನಲ್ಲಿ ಹದಿನಾಲ್ಕು ಹದಿನೈದು ಗಂಟೆ ಹಿಡಿಯುತ್ತದೆ. ವಿಮಾನದಲ್ಲಿ ಒಂದೂವರೆ ಗಂಟೆ. ಹಳೆಯ ಪ್ರವಾಸ ಕಥನಗಳಲ್ಲಿ ಬರುವ ಗ್ರೇಹೌಂಡ್ ಬಸ್ಸು ಪಶ್ಚಿಮ ಕೆನಡಾದಲ್ಲಿ 2018ರಲ್ಲೇ ನಿಂತುಹೋಯಿತು. ಈಗ ರೈಡರ್ ಎಕ್ಸ್‌ಪ್ರೆಸ್, ಈಬಸ್‌ನಂಥ ಚಿಕ್ಕ ಕಂಪನಿಗಳಿವೆ. ಒಳನಾಡಿನ ಅಗ್ಗದ ವಿಮಾನ ಟಿಕೆಟ್ ತೆಗೆದುಕೊಳ್ಳುವಾಗ ಬ್ಯಾಗಿನ ಶುಲ್ಕ ಸೇರಿಸಿ ಲೆಕ್ಕ ಹಾಕಿ. ಕೆಲವದರಲ್ಲಿ ಕೈಚೀಲಕ್ಕೂ ಬೇರೆ ದುಡ್ಡು.

ಅಮೆರಿಕದಲ್ಲಿ ವಿಮಾನ ಬದಲಿಸುವ ಟಿಕೆಟ್ ಅಗ್ಗ ಕಂಡರೂ, ಅಮೆರಿಕದ ವೀಸಾ ಇಲ್ಲದಿದ್ದರೆ ಬೇಡ. ಅಲ್ಲಿ ಸುಮ್ನೆ ದಾಟಿ ಹೋಗಲಿಕ್ಕೂ ವೀಸಾ ಕೇಳುತ್ತಾರೆ. ಪ್ರಯಾಣ ವಿಮೆಯಲ್ಲಿ ಕಂಜೂಸು ಮಾಡಬೇಡಿ. ಕೆನಡಾದ ಉಚಿತ ಚಿಕಿತ್ಸೆ ಅಲ್ಲಿನವರಿಗೆ ಮಾತ್ರ, ನಮಗೆ ಅಲ್ಲ.

ಸೂಟ್‌ಕೇಸಿನಲ್ಲಿ ಗೆಳೆಯರಿಗೆ ಏನು? ಅಲ್ಲಿ ಸಿಗದ್ದು ಮಾತ್ರ. ಸರ್‍ರೆಯಲ್ಲಿ ಪಂಜಾಬಿ ಅಂಗಡಿಗಳು ಬೀದಿಗೊಂದು. ಬೇಳೆ, ಅಕ್ಕಿ, ಹಪ್ಪಳ ಹೊತ್ತುಕೊಂಡು ಹೋಗಬೇಡಿ. ನಮ್ಮ ಕಡೆಯ ಚಟ್ನಿಪುಡಿ, ಮನೆಯ ಸಾರಿನ ಪುಡಿ, ಕೋಡುಬಳೆ, ಚಿಕೋರಿ ಹಾಕಿದ ಕಾಫಿಪುಡಿಗೆ ಅವರು ಕಾದಿರುತ್ತಾರೆ. ಹಸಿ ಹಣ್ಣು, ಸೊಪ್ಪು, ಬಿತ್ತುವ ಬೀಜ, ಮಾಂಸ ಬೇಡವೇ ಬೇಡ. ತಿನ್ನುವ ವಸ್ತು ಏನಿದ್ದರೂ ಇದೆ ಅಂತ ಘೋಷಿಸಿ. ಘೋಷಿಸಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ. ಅಲ್ಲಿನವರಿಗೆ ಕೊಡುವ ಉಡುಗೊರೆ ಒಂದೊಂದೂ 60 ಡಾಲರ್ ಒಳಗಿದ್ದರೆ ಸುಂಕವಿಲ್ಲ. ಅಲ್ಲಿನ ಕರೆಂಟು 120 ವೋಲ್ಟ್, ಚಪ್ಪಟೆ ಕಡ್ಡಿಯ ಪ್ಲಗ್. ಫೋನು, ಲ್ಯಾಪ್‌ಟಾಪಿನ ಚಾರ್ಜರ್ ಒಂದು ಅಡಾಪ್ಟರ್ ಹಾಕಿದರೆ ನಡೆಯುತ್ತದೆ. ಮಿಕ್ಸಿ ಒಯ್ದರೆ ಮೂಲೆಯಲ್ಲಿ ಕೂರುತ್ತದೆ.

ಇಳಿದ ಮೇಲೆ

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೇಳುವುದು ಸರಳ ಪ್ರಶ್ನೆಗಳು. ಯಾಕೆ ಬಂದಿರಿ, ಎಷ್ಟು ದಿನ, ಯಾರ ಮನೆ, ಅವರು ಹೇಗೆ ಪರಿಚಯ? ನೇರವಾಗಿ, ಚಿಕ್ಕದಾಗಿ ಹೇಳಿ. ಗೆಳೆಯರ ವಿಳಾಸ, ಫೋನ್ ನಂಬರನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಫೋನು ಆ ಹೊತ್ತಿಗೇ ಸತ್ತಿತ್ತು. ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಹಾಗಂತ "ಆರು ತಿಂಗಳು" ಅನ್ನಬೇಡಿ, ನಿಮ್ಮ ವಾಪಸ್ ಟಿಕೆಟ್ಟಿನ ತಾರೀಕು ಹೇಳಿ.

ಕಂಪಾಸ್ ಕಾರ್ಡ್ ತೆಗೆದುಕೊಳ್ಳಿ. ಡಿಪಾಸಿಟ್ 6 ಡಾಲರ್. ಮೆಟ್ರೋ, ಬಸ್ಸು, ಕೊಲ್ಲಿ ದಾಟಿಸುವ ಸೀಬಸ್, ಮೂರಕ್ಕೂ ಅದೇ. ವಿಮಾನ ನಿಲ್ದಾಣದಿಂದ ಹೊರಡುವಾಗ 5 ಡಾಲರ್ ಹೆಚ್ಚಿಗೆ ಕತ್ತರಿಸುತ್ತದೆ, ಗಾಬರಿ ಬೇಡ. ಅಲ್ಲಿಂದ ಡೌನ್‌ಟೌನ್‌ಗೆ ಸುಮಾರು 25 ನಿಮಿಷ. ವಾರದ ದಿನ ಸಂಜೆ 6.30ರ ನಂತರ ಮತ್ತು ಶನಿವಾರ, ಭಾನುವಾರ ದಿನವಿಡೀ ಎಷ್ಟು ದೂರ ಹೋದರೂ ಒಂದೇ ವಲಯದ ದರ. ಈ ರೈಲುಗಳಿಗೆ ಡ್ರೈವರ್ ಇಲ್ಲ. ಮುಂದಿನ ಗಾಜಿನ ಪಕ್ಕದ ಸೀಟು ಸಿಕ್ಕರೆ ಬಿಡಬೇಡಿ.

ದುಡ್ಡಿನ ಒಂದು ಮಾತು. ಅಂಗಡಿಯಲ್ಲಿ ಬರೆದಿರುವ ಬೆಲೆ ಕೊನೆಯ ಬೆಲೆಯಲ್ಲ. ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಹೆಚ್ಚಿನ ವಸ್ತುಗಳಿಗೆ ಒಟ್ಟು ಶೇ 12 ತೆರಿಗೆ ಮೇಲೆ ಬೀಳುತ್ತದೆ. ಕ್ಯಾಲ್ಗರಿ ಇರುವ ಆಲ್ಬರ್ಟಾದಲ್ಲಿ ಶೇ 5 ಮಾತ್ರ. ಅಂದರೆ ಶಾಪಿಂಗ್ ಕ್ಯಾಲ್ಗರಿಗೆ ಉಳಿಸಿಕೊಳ್ಳಿ. ಹೋಟೆಲಿನಲ್ಲಿ ಕೂತು ಉಂಡರೆ ಶೇ 15ರಿಂದ 20 ಟಿಪ್ಸ್ ವಾಡಿಕೆ.

ಗೆಳೆಯರ ಮನೆಯೊಳಗೆ

ಇದನ್ನು ಯಾವ ಪ್ರವಾಸ ಪುಸ್ತಕವೂ ಹೇಳುವುದಿಲ್ಲ, ಆದರೆ ನನಗೆ ಹೆಚ್ಚು ಮುಜುಗರ ಆಗಿದ್ದು ಇಲ್ಲೇ. ಅಲ್ಲಿನ ಮನೆಗಳು ಮರದ ಚೌಕಟ್ಟಿನವು. ಬಚ್ಚಲಿನ ನೆಲದಲ್ಲಿ ನೀರು ಹೋಗಲು ಕಿಂಡಿಯೇ ಇರುವುದಿಲ್ಲ. ನೀರೆಲ್ಲ ಟಬ್ಬಿನೊಳಗೇ ಬೀಳಬೇಕು, ಅದಕ್ಕೇ ಶವರ್ ಪರದೆಯ ಕೆಳತುದಿ ಟಬ್ಬಿನ ಒಳಗಿರಬೇಕು. ಮೊದಲ ದಿನ ನಾನು ಪರದೆಯನ್ನು ಹೊರಗೆ ಬಿಟ್ಟು, ಹಾಯಾಗಿ ತಲೆಗೆ ಸ್ನಾನ ಮಾಡಿದೆ. ಹೊರಗೆ ಬರುವಾಗ ನೆಲದ ಮೇಲೆ ಕೆರೆ. ಕೆಳಗೆ ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಇರುವವರ ಸೀಲಿಂಗಿಗೆ ಇಳಿಯುವ ಮುಂಚೆ ಗೆಳತಿ, ನಾನು ಮನೆಯಲ್ಲಿದ್ದ ಟವೆಲ್ಲುಗಳನ್ನೆಲ್ಲ ಹಾಸಿ ಒರೆಸಿದೆವು. ಒಂದು ಪ್ಲಾಸ್ಟಿಕ್ ಚೊಂಬು ಒಯ್ಯಿರಿ. ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಎರಡನೆಯದು ಒಗ್ಗರಣೆ. ಇವತ್ತು ನಾನೇ ಅಡುಗೆ ಮಾಡುತ್ತೇನೆ ಅಂತ ಎಣ್ಣೆ ಕಾಯಿಸಿ ಸಾಸಿವೆ, ಒಣಮೆಣಸಿನಕಾಯಿ ಹಾಕಿದೆ. ಘಾಟು ಏಳುತ್ತಿದ್ದಂತೆ ಹೊಗೆಯ ಅಲಾರಂ ಕಿರುಚತೊಡಗಿತು. "ಮೊದಲು ಫ್ಯಾನ್ ಹಾಕೇ!" ಅಂತ ಮೀಟಿಂಗ್ ಬಿಟ್ಟು ಓಡಿಬಂದ ಗೆಳತಿ ಕುರ್ಚಿ ಹತ್ತಿ ಟವೆಲ್ ಬೀಸಿದಳು. ಎಣ್ಣೆ ಇಡುವ ಮುಂಚೆಯೇ ಒಲೆಯ ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ.

ಉಳಿದದ್ದು ಸಣ್ಣಪುಟ್ಟದ್ದು. ಕಸವನ್ನು ಮೂರು ಭಾಗ ಮಾಡುತ್ತಾರೆ, ಯಾವುದು ಎಲ್ಲಿಗೆ ಅಂತ ಮೊದಲ ದಿನವೇ ಕೇಳಿಕೊಳ್ಳಿ. ಕೆಲಸದವರು ಇರುವುದಿಲ್ಲ, ನಿಮ್ಮ ತಟ್ಟೆ ನೀವು ತೊಳೆಯಿರಿ. ಒಂದು ಸಂಜೆ ದಿನಸಿ ತರಲು ಜೊತೆಗೆ ಹೋಗಿ ಬಿಲ್ಲು ನೀವು ಕೊಡಿ. ಒಂದೇ ಮನೆಯಲ್ಲಿ ಸತತವಾಗಿ ಐದು ರಾತ್ರಿಗಿಂತ ಜಾಸ್ತಿ ಬೇಡ ಅನ್ನುವುದು ನನ್ನ ಲೆಕ್ಕ. ನಡುವೆ ಒಂದೆರಡು ದಿನ ಬೇರೆ ಊರಿಗೆ ಹೋಗಿ ಬಂದರೆ ಇಬ್ಬರಿಗೂ ಉಸಿರು.

ವ್ಯಾಂಕೂವರ್: ವಾರದ ದಿನಗಳು

ಮೊದಲ ದಿನ ಸ್ಟ್ಯಾನ್ಲಿ ಪಾರ್ಕ್. ಸುಮಾರು 400 ಹೆಕ್ಟೇರಿನ ಕಾಡು, ಊರಿನ ಮಗ್ಗುಲಲ್ಲೇ. ಅದರ ಸುತ್ತ ಸಮುದ್ರಕ್ಕೆ ಅಂಟಿಕೊಂಡು ಒಂಬತ್ತು ಹತ್ತು ಕಿ.ಮೀ. ದಾರಿ. ಡೆನ್ಮನ್ ಬೀದಿಯಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ. ಸೈಕಲ್ಲಿಗೆ ಗಡಿಯಾರದ ಮುಳ್ಳಿನ ಎದುರು ದಿಕ್ಕು ಮಾತ್ರ. ಜೆಟ್‌ಲ್ಯಾಗ್‌ಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುತ್ತದೆ.

ಪಾರ್ಕಿಗೆ ಹೋಗುವ ದಾರಿಯಲ್ಲಿ ಕೋಲ್ ಹಾರ್ಬರ್ ದಂಡೆಯಲ್ಲಿ ಕೊಮಗಾಟ ಮಾರು ಸ್ಮಾರಕವಿದೆ. 1914ರ ಮೇ ತಿಂಗಳಲ್ಲಿ 376 ಜನರನ್ನು ಹೊತ್ತು ಬಂದ ಹಡಗು ಅದು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಊರಿನಿಂದ ನಡುವೆ ಎಲ್ಲೂ ಬದಲಿಸದೆ ನೇರ ಪ್ರಯಾಣ ಮಾಡಿ ಬಂದಿರಬೇಕು ಅನ್ನುವ ನಿಯಮವನ್ನು ಮುಂದಿಟ್ಟು, ಎರಡು ತಿಂಗಳು ಬಂದರಿನಲ್ಲೇ ತಡೆದು, ಬಹುತೇಕ ಎಲ್ಲರನ್ನೂ ವಾಪಸ್ ಕಳಿಸಿದರು. 2016ರಲ್ಲಿ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಹಿಂದಿನ ದಿನವಷ್ಟೇ ಪಾಸ್‌ಪೋರ್ಟಿಗೆ ಠಸ್ಸೆ ಹೊಡೆಸಿಕೊಂಡು ಬಂದಿದ್ದ ನಾನು ಸ್ಮಾರಕದ ಮೇಲಿನ ಆ ಪ್ರಯಾಣಿಕರ ಹೆಸರುಗಳ ಮುಂದೆ ಸ್ವಲ್ಪ ಹೊತ್ತು ನಿಂತೆ.

ತೂಗುಸೇತುವೆ ನೋಡುವ ಆಸೆಯಿದ್ದರೆ ಎರಡು ದಾರಿ. ಕ್ಯಾಪಿಲಾನೋ ಹೆಸರುವಾಸಿ, 140 ಮೀಟರ್ ಉದ್ದ, ಆದರೆ ಟಿಕೆಟ್ ಭಾರೀ ದುಬಾರಿ. ಲಿನ್ ಕ್ಯಾನ್ಯನ್‌ದು ಚಿಕ್ಕದು, ಪುಕ್ಕಟೆ. ನಾನು ಎರಡನೆಯದಕ್ಕೆ ಹೋದೆ, ಬೇಜಾರೇನೂ ಆಗಲಿಲ್ಲ. ಮಳೆ ಬಂದರೆ ಯುಬಿಸಿ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಮ್ಯೂಸಿಯಂ. ಮೂಲನಿವಾಸಿಗಳ ಮರದ ಕೆತ್ತನೆ ಕಂಬಗಳು ಅಲ್ಲಿ ಆಳೆತ್ತರಕ್ಕೂ ಮೀರಿ ನಿಂತಿವೆ.

ಒಬ್ಬರೇ ಇರುವಾಗ ಒಂದು ಎಚ್ಚರಿಕೆ. ಮೇನ್ ಮತ್ತು ಈಸ್ಟ್ ಹೇಸ್ಟಿಂಗ್ಸ್ ಬೀದಿ ಸೇರುವ ಸುತ್ತಮುತ್ತ ಮಾದಕವಸ್ತುವಿನ ಸಮಸ್ಯೆ ಬೀದಿಯಲ್ಲೇ ಕಾಣುತ್ತದೆ. ಯಾರೂ ನಿಮ್ಮ ಮೈಮೇಲೆ ಬರುವುದಿಲ್ಲ, ಆದರೂ ಕತ್ತಲಾದ ಮೇಲೆ ಆ ದಾರಿಯಲ್ಲಿ ನಡೆಯಬೇಡಿ. ಮ್ಯಾಪು ಹತ್ತಿರದ ದಾರಿ ಅಂತ ಅದನ್ನೇ ತೋರಿಸುತ್ತದೆ.

ಸಮುದ್ರದಾಚೆ ದ್ವೀಪದಲ್ಲಿರುವ ವಿಕ್ಟೋರಿಯಾ ಊರಿಗೆ ಒಂದು ರಾತ್ರಿ ಮೀಸಲಿಡಿ. ಬ್ರಿಜ್‌ಪೋರ್ಟ್ ನಿಲ್ದಾಣದಿಂದ 620 ನಂಬರ್ ಬಸ್ಸು ಸಾವಾಸನ್ ಬಂದರಿಗೆ ಹೋಗುತ್ತದೆ. ಬಸ್ಸು ಇಳಿದು ನಡೆದು ಹಡಗು ಹತ್ತುವವರಿಗೆ ರಿಸರ್ವೇಶನ್ ಬೇಕಿಲ್ಲ. ಆಚೆ ದಡದ ಸ್ವಾರ್ಟ್ಜ್ ಬೇ ಬಂದರಿಗೆ 1 ಗಂಟೆ 35 ನಿಮಿಷ. ನಡುವೆ ಆಕ್ಟಿವ್ ಪಾಸ್ ಅನ್ನುವ ಇಕ್ಕಟ್ಟಾದ ಜಾಗದಲ್ಲಿ ಹಡಗು ಕೊಂಬು ಊದಿ ತಿರುಗುತ್ತದೆ. ಆ ಹೊತ್ತಿಗೆ ಒಳಗೆ ಕಾಫಿ ಸಾಲಿನಲ್ಲಿ ನಿಲ್ಲದೆ ಹೊರಗಿನ ಡೆಕ್ಕಿನಲ್ಲಿರಿ. ಆಚೆ ದಡದಿಂದ 70 ನಂಬರ್ ಬಸ್ಸು ಊರೊಳಗೆ. 1904ರಲ್ಲಿ ಸುಣ್ಣಕಲ್ಲಿನ ಕ್ವಾರಿಯೊಂದರ ಸುತ್ತ ಶುರುವಾದ ಬುಚಾರ್ಟ್ ತೋಟಕ್ಕೆ 75 ನಂಬರ್.

ರಾಕೀಸ್: ಒಬ್ಬರೇ, ಬಸ್ಸಿನಲ್ಲಿ

ಕ್ಯಾಲ್ಗರಿಯಿಂದ ಬ್ಯಾನ್ಫ್ ಸುಮಾರು 130 ಕಿ.ಮೀ. ಗೆಳತಿಯ ಮನೆಯಿಂದ ದಿನವೂ ಹೋಗಿ ಬರಬಹುದು ಅಂದುಕೊಳ್ಳಬೇಡಿ. ಸೋಮವಾರದಿಂದ ಗುರುವಾರದ ನಡುವೆ ಮೂರು ರಾತ್ರಿ ಅಲ್ಲೇ ಉಳಿಯಿರಿ. ವಿಮಾನ ನಿಲ್ದಾಣದಿಂದ ನೇರ ಬಸ್ಸುಗಳಿವೆ. ಬ್ಯಾನ್ಫ್‌ನಲ್ಲಿ ರೂಮು ಕೈಗೆಟುಕದಿದ್ದರೆ ಹಾಸ್ಟೆಲ್ ನೋಡಿ, ಇಲ್ಲವೇ 25 ಕಿ.ಮೀ. ಈಚೆಗಿರುವ ಕ್ಯಾನ್‌ಮೋರ್. ಎರಡೂ ಊರಿನ ನಡುವೆ ರೋಮ್ ಅನ್ನುವ ಸ್ಥಳೀಯ ಬಸ್ಸು ಓಡಾಡುತ್ತದೆ. ಲೇಕ್ ಲೂಯಿಸ್‌ಗೂ ಅದೇ ಕಂಪನಿಯ ಎಕ್ಸ್‌ಪ್ರೆಸ್ ಬಸ್ಸಿದೆ. ಸೀಟನ್ನು ಮೊದಲೇ ಕಾದಿರಿಸಿ. ಸಸ್ಯಾಹಾರಿಗಳು ಹಾಸ್ಟೆಲ್ ಅಡುಗೆಮನೆ, ಸೂಪರ್ ಮಾರ್ಕೆಟ್, ಊರಿಂದ ತಂದ ಚಟ್ನಿಪುಡಿ ನಂಬಿಕೊಂಡರೆ ಕ್ಷೇಮ.

ಮೊರೇನ್ ಸರೋವರದ ರಸ್ತೆ ತೆರೆದಿರುವುದು ಜೂನ್‌ನಿಂದ ಅಕ್ಟೋಬರ್ ನಡುಭಾಗದವರೆಗೆ. ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾದ ಶಟಲ್ ಬಸ್ಸಿನ ಸೀಟುಗಳ ಒಂದು ಪಾಲು ವಸಂತದಲ್ಲೇ ಬುಕಿಂಗ್‌ಗೆ ಬಿಡುತ್ತಾರೆ, ಉಳಿದದ್ದು ಹೋಗುವ ದಿನಕ್ಕೆ ಎರಡು ದಿನ ಮುಂಚೆ ಅಲ್ಲಿನ ಬೆಳಗ್ಗೆ 8ಕ್ಕೆ. ತತ್ಕಾಲ್ ಟಿಕೆಟ್ ತೆಗೆದು ರೂಢಿಯಿರುವ ನಮಗೆ ಇದೇನೂ ಕಷ್ಟವಲ್ಲ. 7.55ಕ್ಕೆ ಲಾಗಿನ್ ಆಗಿ ಕೂತಿರಿ. ಬೆಳಗಿನ ಮೊದಲ ಶಟಲ್ ಹಿಡಿದರೆ ಹತ್ತು ಶಿಖರಗಳ ಮೇಲೆ ಬಿಸಿಲು ಇಳಿಯುವುದು ಕಾಣುತ್ತದೆ. ನೀರಿನ ಆ ನೀಲಿ ಫೋಟೋದ ಮೋಸವಲ್ಲ. ಹಿಮನದಿ ಬಂಡೆಯನ್ನು ತೇದು ತಂದ ನುಣ್ಣನೆಯ ಪುಡಿ ನೀರಲ್ಲಿ ತೇಲುತ್ತದೆ, ಬೆಳಕು ಬಿದ್ದಾಗ ಆ ಬಣ್ಣ. ಅದೇ ಟಿಕೆಟ್ಟಿನಲ್ಲಿ ಲೇಕ್ ಲೂಯಿಸ್‌ಗೂ ಹೋಗಬಹುದು. ಅಲ್ಲಿಂದ ಲೇಕ್ ಆಗ್ನೆಸ್‌ನ ಟೀ ಹೌಸಿಗೆ ಮೂರೂವರೆ ಕಿ.ಮೀ. ಏರು. ಯಾವಾಗಲೂ ಜನ ಇರುವ ದಾರಿಯಾದ್ದರಿಂದ ಒಬ್ಬರೇ ಹೋಗುವವರಿಗೆ ಇದೇ ಸರಿ.

ಕರಡಿಯ ವಿಷಯ ತಮಾಷೆಯಲ್ಲ. ಕರಡಿಯಿಂದ 100 ಮೀಟರ್, ಎಲ್ಕ್ ಜಿಂಕೆಯಿಂದ 30 ಮೀಟರ್ ದೂರ ಇರಬೇಕು. ಸೆಪ್ಟೆಂಬರ್‌ನಲ್ಲಿ ಗಂಡು ಎಲ್ಕ್‌ಗಳು ಬೆದೆಯಲ್ಲಿರುತ್ತವೆ, ಊರೊಳಗೇ ಬರುತ್ತವೆ. ಕರಡಿ ಸ್ಪ್ರೇ (ಕರಡಿ ಮೇಲೆ ಬಂದರೆ ಹೊಡೆಯುವ ಖಾರದ ಸ್ಪ್ರೇ) ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಬ್ಯಾಗಿನೊಳಗೆ ಹಾಕಬೇಡಿ. ವಿಮಾನದಲ್ಲಿ ಅದನ್ನು ಒಯ್ಯುವಂತಿಲ್ಲ, ಹಾಗಾಗಿ ಕ್ಯಾಲ್ಗರಿಯಲ್ಲಿ ಇಳಿದ ಮೇಲೆಯೇ ತೆಗೆದುಕೊಳ್ಳಿ. ನಡೆಯುವಾಗ ಗಟ್ಟಿಯಾಗಿ ಮಾತಾಡುತ್ತಿರಬೇಕು. ಜೊತೆಗೆ ಯಾರೂ ಇಲ್ಲದ ನಾನು ಮಗ್ಗಿ ಹೇಳುತ್ತಾ ಹೋದೆ. ಹದಿನೇಳರ ಮಗ್ಗಿ ಮರೆತುಹೋಗಿತ್ತು.

ಇನ್ನೊಂದು ವಿಷಯ ನನಗೆ ಅಲ್ಲಿಗೆ ಹೋದ ಮೇಲೇ ಗೊತ್ತಾಗಿದ್ದು. ಮೊರೇನ್ ಮೇಲಿನ ಲಾರ್ಚ್ ಕಣಿವೆಯಂಥ ಕೆಲವು ದಾರಿಗಳಲ್ಲಿ, ಕರಡಿಯ ಓಡಾಟ ಇರುವಾಗ ಕನಿಷ್ಠ ನಾಲ್ಕು ಜನ ಒಟ್ಟಿಗೆ ಹೋಗಬೇಕು ಅನ್ನುವ ನಿಯಮ ಹಾಕುತ್ತಾರೆ. ಬೋರ್ಡಿನ ಹತ್ತಿರ ನಿಂತು ಕೇಳಿ. ನನ್ನ ಹಾಗೇ ಜನಕ್ಕೆ ಕಾಯುತ್ತಿದ್ದ ಮೂವರು ಸಿಕ್ಕರು.

ವಾರಾಂತ್ಯ: ಗೆಳೆಯರ ಕಾರು

ಶನಿವಾರಕ್ಕೆ ಯೋಹೋ ರಾಷ್ಟ್ರೀಯ ಉದ್ಯಾನ. ಬ್ಯಾನ್ಫ್‌ನಿಂದ ಮುಂದೆ, ಮತ್ತೆ ಬ್ರಿಟಿಷ್ ಕೊಲಂಬಿಯಾದೊಳಗೆ. ಎಮರಾಲ್ಡ್ ಸರೋವರ, ಆಮೇಲೆ ಟಕಾಕಾ ಜಲಪಾತ. ಒಟ್ಟು ಎತ್ತರ 373 ಮೀಟರ್, ಅದರಲ್ಲಿ ಒಂದೇ ಜಿಗಿತ 254. ನಮ್ಮ ಜೋಗ 253. "ಒಂದು ಮೀಟರಿಗೆ ಇಷ್ಟು ದೂರ ಬಂದೆಯಲ್ಲೇ" ಅಂತ ಗೆಳತಿಯ ಗಂಡ ಕಾಲೆಳೆದರು. ಹತ್ತಿರ ಹೋದರೆ ತುಂತುರಿಗೆ ಜಾಕೆಟ್ ಒದ್ದೆ, ನೀರು ಹಿಮಗಡ್ಡೆಯಷ್ಟು ತಣ್ಣಗೆ.

ಭಾನುವಾರ ಐಸ್‌ಫೀಲ್ಡ್ಸ್ ಪಾರ್ಕ್‌ವೇ. ಬೆಟ್ಟಗಳ ನಡುವಿನ ಈ ಹೆದ್ದಾರಿ ಲೇಕ್ ಲೂಯಿಸ್‌ನಿಂದ ಜಾಸ್ಪರ್‌ವರೆಗೆ ಸುಮಾರು 230 ಕಿ.ಮೀ. ಕ್ಯಾಲ್ಗರಿಯಿಂದ ಒಂದೇ ದಿನದಲ್ಲಿ ಪೂರ್ತಿ ಹೋಗಿ ಬರುವ ಹಟ ಬೇಡ, ಓಡಿಸುವವರ ಸೊಂಟ ಬೀಳುತ್ತದೆ. ಪೇಟೊ ಸರೋವರದವರೆಗೆ ಹೋಗಿ ತಿರುಗಿ. ಪೆಟ್ರೋಲು ಮೊದಲೇ ತುಂಬಿಸಿ. ಮೊಬೈಲ್ ಸಿಗ್ನಲ್ ಇರುವುದಿಲ್ಲ, ಮ್ಯಾಪು ಇಳಿಸಿಟ್ಟುಕೊಳ್ಳಿ. ಜಾಸ್ಪರ್ ಊರು 2024ರ ಜುಲೈನ ಕಾಡ್ಗಿಚ್ಚಿನಲ್ಲಿ ಸುಮಾರು ಮೂರನೇ ಒಂದು ಭಾಗ ಸುಟ್ಟುಹೋಯಿತು. ಅಲ್ಲಿ ಉಳಿಯುವುದಿದ್ದರೆ ರೂಮು ಬೇಗ ಹಿಡಿಯಿರಿ.

ನೀವೇ ಕಾರು ಓಡಿಸುವ ಯೋಚನೆಯಿದ್ದರೆ ಊರಲ್ಲೇ ಆರ್‌ಟಿಓದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ಬ್ರಿಟಿಷ್ ಕೊಲಂಬಿಯಾದಲ್ಲಿ ಚಳಿಗಾಲದ ಟೈರ್ ಕಡ್ಡಾಯ. ಬಲಬದಿಯ ಓಡಾಟಕ್ಕೆ ಕೈ ಕೂರುವವರೆಗೆ ನಾನಂತೂ ಪಕ್ಕದ ಸೀಟಿನಲ್ಲೇ ಸುಖವಾಗಿದ್ದೆ.

ಹೊರಡುವ ಹಿಂದಿನ ರಾತ್ರಿ ಪ್ಯಾಕಿಂಗ್. ಮೇಪಲ್ ಸಿರಪ್ ಬಾಟಲಿಗಳು ದೊಡ್ಡ ಸೂಟ್‌ಕೇಸಿಗೆ, ಕೈಚೀಲದಲ್ಲಿ ಬಿಡುವುದಿಲ್ಲ. ಕಂಪಾಸ್ ಕಾರ್ಡನ್ನು ಸರ್‍ರೆಯಲ್ಲೇ ಬಿಟ್ಟು ಬಂದಿದ್ದೆ. ಕರಡಿ ಸ್ಪ್ರೇ ಒಂದು ಉಳಿಯಿತು, ಮುಚ್ಚಳ ಕೂಡ ತೆಗೆದಿರಲಿಲ್ಲ. ಗೆಳತಿ ಅದನ್ನು ಗ್ಯಾರೇಜಿನ ಶೆಲ್ಫಿನಲ್ಲಿಟ್ಟು, ಡಬ್ಬಿ ತಿರುಗಿಸಿ ಎಕ್ಸ್‌ಪೈರಿ ತಾರೀಕು ಓದಿದಳು. "ಇನ್ನೂ ಮೂರು ವರ್ಷ ಇದೆ. ಅಷ್ಟರೊಳಗೆ ಬಾ."